ಕಪೆಂಬ್ವಾನ ನಲ್ಲಿ

ಲುಸಾಕಾ ನಗರದ ವಠಾರಗಳ ನಡುವಿನ ನಲ್ಲಿ ಕಾಯುವ ಕಪೆಂಬ್ವಾನನ್ನು ನೆನೆದರೇ ಬಾಣಂತನ ಮುಗಿಸಿ ಬಂದ ಮುತಿಂತಾಳಿಗೆ ಮೈ ಉರಿಯುತ್ತಿತ್ತು. ಅವನಿಗೆ ದೇವರಿಗಿಂತ ನಿಯಮ ದೊಡ್ಡದು, ನಿಯಮಕ್ಕಿಂತ ಅವನ ಹಳದಿ ಕ್ಯಾನು ದೊಡ್ಡದು. ಬೀಗ ತೆಗೆದೊಡನೆ ಮೊದಲ ನೀರು ಅದಕ್ಕೇ, "ಚೊಕ್ಕ ಇದೆಯೋ ಇಲ್ವೋ ನೋಡಬೇಕಲ್ಲ?" ಎಂಬ ನೆಪದಲ್ಲಿ. ಆಮೇಲೆ ಉಳಿದವರ ಸಾಲು. ಹೆಂಗಸರು ಬಕೆಟ್ ಇಟ್ಟು ಮನೆಗೆ ಹೋಗಬಹುದು, ಬಕೆಟ್ಟೇ ಜಾಗ ಕಾಯುತ್ತದೆ; ಆದರೆ ಸರದಿ ಬಂದಾಗ ಒಡತಿ ಪಕ್ಕದಲ್ಲಿಲ್ಲದಿದ್ದರೆ ಅದು ಕೊನೆಗೆ. ಒಳ್ಳೆಯದನ್ನೂ ಹೇಳಬೇಕು: ಕೌನ್ಸಿಲರ್ ಸಾಹೇಬರ ಡ್ರೈವರ್ ಬಂದು ಗದರಿದಾಗ, "ಸಾಹೇಬ್ರ ಡ್ರಮ್ಮಿಗೂ ಸಾಲಿದೆ, ಹಿಂದೆ ಹೋಗಪ್ಪ" ಎಂದವನು ಅವನೇ. ಅಂದು ಮುತಿಂತಾ ಕೂಡ ಚಪ್ಪಾಳೆ ತಟ್ಟಿದ್ದಳು. ಇವತ್ತು ಭೇದಿಯಿಂದ ಸೊರಗಿದ ಕೂಸಿಗೆ ಹಾಲೂಡಿಸಿ ಬರುವಷ್ಟರಲ್ಲಿ ಅವಳ ಬಕೆಟ್ ಕೊನೆ ಸೇರಿತ್ತು. "ಅಣ್ಣಾ, ಮಗು ಬಾಡಿಹೋಗಿದೆ, ಉಪ್ಪು ಸಕ್ಕರೆ ಕಲಸೋಕೆ ಒಂದು ಚೊಂಬು ಕೊಡು!" "ನನಗೇನು ಖುಷೀನಾ ತಂಗೀ? ನಿಯಮ." "ನಿನ್ನ ಕ್ಯಾನಿಗೆ ಯಾವ ನಿಯಮನೋ?" "ಅದು ಕಾವಲಿನವನ ಪಾಲು." ಹೊತ್ತು ಮುಗಿಯಿತೆಂದು ಬೀಗ ಜಡಿದೇಬಿಟ್ಟ. ಮುಂದಿನ ಸರದಿಯಲ್ಲಿ ನಿಂತಿದ್ದವಳು ಮಗನಿಂದ ಬೇರೆಯಾಗಿ ಒಂದು ಕೋಣೆಯಲ್ಲಿ ಒಬ್ಬಳೇ ವಾಸಿಸುವ ಅವನ ಹೆತ್ತ ತಾಯಿ. ಪಕ್ಷಪಾತಿ ಎಂದು ಕೂಗಲು ಬಾಯಿ ತೆರೆದಿದ್ದ ಮುತಿಂತಾಳಿಗೆ ಆ ಬೈಗುಳವೂ ಒದಗಲಿಲ್ಲ. ಅವನು ತುಂಬಿದ ಕ್ಯಾನು ಹೊತ್ತು, ತಾಯಿಯ ಖಾಲಿ ಬಕೆಟ್ಟನ್ನು ಹುಷಾರಾಗಿ ದಾಟಿ, ಮನೆಗೆ ನಡೆದ. "ನನ್ನ ಮಗ ಯಾರ ಲಂಚಾನೂ ಮುಟ್ಟಲ್ಲ ಕಣಮ್ಮಾ," ಎಂದಳು ಮುದುಕಿ, ಹೆಮ್ಮೆಯಿಂದಲೇ. ಆಮೇಲೆ ಅವನು ತಿರುವು ದಾಟುವವರೆಗೆ ಕಾದು, ಮುತಿಂತಾಳ ಕೈ ಹಿಡಿದಳು: "ಕುದಿಸಿಟ್ಟ ನೀರು ಒಂದು ಚೊಂಬು ಉಳಿದಿದೆ. ಬಾ ಬೇಗ, ಕೂಸಿಗೆ ಒಯ್ಯಿ."