ಪಾಯಸ ಬರುವವರೆಗಿನ ಯಂತ್ರ

ಅರವತ್ತರ ದಶಕದಲ್ಲಿ ಸಾಗರದ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದವನು ರಿಪ್ಪನ್‌ಪೇಟೆ ಕಡೆಯವನು. ಏನೇ ಕೆಟ್ಟರೂ ಕಿವಿಯ ತುದಿ ಎಳೆದುಕೊಂಡು, "ತಪ್ಪಿದ್ದೆಲ್ಲಿ ಅಂತ ಗೊತ್ತಾಯ್ತಲ್ಲ, ಸಾಕು" ಎನ್ನುತ್ತಿದ್ದ.

ಹಬ್ಬದ ಮರುದಿನವೇ ಡಿಗ್ರಿಗೆ ಯಾವ ವಿಷಯವೆಂದು ಕಾಲೇಜಿಗೆ ಹೇಳಬೇಕಿತ್ತು. ಮನೆಯವರಿಗೆ ಇವನು ವಕೀಲನಾಗಬೇಕು. ಇವನ ತಲೆತುಂಬ ಎಲ್ಲೋ ಓದಿದ, ಲೆಕ್ಕ ಮಾಡುವ ಯಂತ್ರ.

"ಅದಕ್ಕೆ ಸೊನ್ನೆ, ಒಂದು ಬಿಟ್ರೆ ಬೇರೆ ಅಂಕಿನೇ ಬೇಡ. ಊಟದ ಸಾಲಲ್ಲೇ ಮಾಡಿ ತೋರಿಸ್ತೀನಿ. ಸರಿ ಬಂದ್ರೆ ಗಣಿತ, ಇಲ್ದಿದ್ರೆ ಕರೀಕೋಟು."

ಹಬ್ಬದೂಟಕ್ಕೆ ಕೂತೆವು. ಬಾಳೆಲೆಗೆ ಕೈ ಅಡ್ಡ ಹಿಡಿದರೆ ಸೊನ್ನೆ, ತೆಗೆದರೆ ಒಂದು. ಎಡಪಕ್ಕದವನು ಅಡ್ಡ ಹಿಡಿದಾಗಲೆಲ್ಲ ನಮ್ಮ ಕೈ ಬದಲಾಗಬೇಕು. ಎಡತುದಿಯಲ್ಲಿ ಕೂತು, ಒಂದೊಂದು ಅಂಕಿಗೂ ತನ್ನ ಕೈ ಬದಲಿಸುತ್ತ ಅವನೇ ಎಣಿಕೆ ಶುರುಮಾಡಿದ. ಲೆಕ್ಕ ಸೊಗಸಾಗಿ ಸಾಗಿತ್ತು.

ಅಷ್ಟರಲ್ಲಿ ಅಡುಗೆ ಭಟ್ಟರು ಪಾಯಸ ತಂದರು. "ಬೇಡ್ವೇನ್ರೋ? ಸರಿ" ಎಂದು ಅಡ್ಡ ಹಿಡಿದವರನ್ನೆಲ್ಲ ದಾಟಿ ಹೊರಟದ್ದೇ ತಡ, ಸಾಲಿನ ಅಷ್ಟೂ ಕೈಗಳು ಮೇಲೆದ್ದವು. ಮೊದಲು ಎದ್ದದ್ದು ಅವನದೇ.

ಮರುದಿನ ಗಣಿತವೆಂದೇ ಹೇಳಿ ಬಂದ.

"ನಿನ್ನ ಯಂತ್ರ ಕೆಟ್ಟೋಯ್ತಲ್ಲೋ?" ಎಂದೆ.

ಕಿವಿ ಎಳೆದುಕೊಂಡ. "ತಪ್ಪಿದ್ದೆಲ್ಲಿ ಅಂತ ಗೊತ್ತಾಯ್ತಲ್ಲ. ನಿಜವಾದ ಯಂತ್ರಕ್ಕೆ ಪಾಯಸದ ಆಸೆ ಇರಲ್ಲ ಮಾರಾಯ!"