ದೇಶದ ಹೆಸರು ಬರೆಯದೆ ಬಿಟ್ಟ ಪ್ರಯೂನ್

ಪ್ರಯೂನ್ ಅವರನ್ನು ನಾನು ಮೊದಲು ಕಂಡದ್ದು ಥಾಯ್ ಗಡಿಯ ಫಾಂಗ್ ಊರಿನ ನಮ್ಮ ಶಾಲೆಯಲ್ಲಿ, ಒಂದು ಸೋಮವಾರ, ಮಕ್ಕಳ ಧ್ವಜವಂದನೆ ಮುಗಿದ ಮೇಲೆ. ನನ್ನ ನಿವೃತ್ತಿಗೆ ಆಗ ನಾಲ್ಕು ತಿಂಗಳು ಉಳಿದಿದ್ದವು. ಅಂಚೆ ಕಚೇರಿಯ ಅಂಗಿ ತೊಟ್ಟ ಆ ಸಣಕಲು ಮನುಷ್ಯ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೈಮುಗಿದು, ಹದಿನೈದು ವರ್ಷದ ಹಿಂದಿನ ದಾಖಲಾತಿ ಪುಸ್ತಕವನ್ನು ನೋಡಬಹುದೇ ಎಂದು ಕೇಳಿದರು. ಯಾರ ಹೆಸರು ಎಂದೆ. ಪಯಾಕ್ ಸಿತ್‌ಇನ್‌ಥಾ ಎಂದರು.

ಆ ಹೆಸರು ಊರಿಗೆಲ್ಲ ಗೊತ್ತಿತ್ತು. ಉತ್ತರ ಪ್ರಾಂತ್ಯದ ಬಾಕ್ಸಿಂಗ್ ಪಟ್ಟ ಮೂರು ವರ್ಷದಿಂದ ಅವನ ಸೊಂಟದಲ್ಲಿತ್ತು. ನನ್ನ ಪುಸ್ತಕದಲ್ಲಿ ಮಾತ್ರ ಅವನು ಸಾಯ್ ಖಾಮ್. ನಮ್ಮಲ್ಲಿ ಬಾಕ್ಸಿಂಗಿಗೆ ಇಳಿದವರು ಮನೆಯಲ್ಲಿಟ್ಟ ಹೆಸರನ್ನು ಬಿಟ್ಟು, ಆಟಕ್ಕೊಂದು ಹೊಸ ಹೆಸರನ್ನೂ ಅದರ ಜೊತೆಗೆ ಸಾಕಿ ಕಲಿಸಿದ ಗರಡಿಯ ಹೆಸರನ್ನೂ ಇಟ್ಟುಕೊಳ್ಳುತ್ತಾರೆ. ಸಿತ್‌ಇನ್‌ಥಾ ಎಂದರೆ ಇನ್‌ಥಾ ಗುರುವಿನ ಶಿಷ್ಯ.

ಪುಟ ತೆರೆದು ತೋರಿಸಿದೆ. ಹುಡುಗನ ಗುರುತಿನ ಸಂಖ್ಯೆ ಸೊನ್ನೆಯಿಂದ ಶುರುವಾಗಿತ್ತು. ಯಾವ ದೇಶದ ಪ್ರಜೆಯೂ ಅಲ್ಲದವರಿಗೆ ಕೊಡುವ ಸಂಖ್ಯೆ ಅದು. ತಾಯಿ ಗಡಿಯಾಚೆ, ಮ್ಯಾನ್ಮಾರಿನ ಶಾನ್ ಬೆಟ್ಟಗಳಿಂದ ಬಂದ ಕೂಲಿಯವಳು. ಹುಟ್ಟಿದ ಸ್ಥಳ ಎಂಬಲ್ಲಿ ನನ್ನದೇ ಅಕ್ಷರದಲ್ಲಿ "ಕಿತ್ತಳೆ ತೋಟ" ಎಂದಷ್ಟೇ ಇತ್ತು.

ಪ್ರಯೂನ್ ಮಕ್ಕಳ ಬೆಂಚಿನ ಮೇಲೆ ಕುಳಿತುಬಿಟ್ಟರು.

ಹೊಟ್ಟೆಪಾಡಿಗೆ ಅವರು ಅಂಚೆ ಗುಮಾಸ್ತರು. ಆದರೆ ಇಪ್ಪತ್ತಾರು ವರ್ಷಗಳಿಂದ ಬಾಕ್ಸಿಂಗ್ ಸಂಘದ ದಾಖಲೆ ಪುಸ್ತಕವನ್ನು ಬರೆಯುತ್ತಿದ್ದವರೂ ಅವರೇ. ಪ್ರತಿ ವಿಜೇತನ ತೂಕ, ಗೆಲುವು, ಸೋಲು, ಹೆಸರಿನ ಪಕ್ಕದಲ್ಲಿ ದೇಶ, ದೇಶದ ಬಾವುಟ. ಪಯಾಕ್ ಮೊದಲು ಗೆದ್ದಾಗ ಗರಡಿಯಿಂದ ಬಂದ ಕಾಗದಗಳ ಜೊತೆ ಇನ್‌ಥಾ ಮನೆಯ ನೋಂದಣಿ ಪತ್ರವಿತ್ತು. ಗರಡಿಯಲ್ಲಿ ಬೆಳೆದವರೆಲ್ಲ ಆ ಮನೆಯ ಮಕ್ಕಳೇ ಎಂಬ ರೂಢಿಯಲ್ಲಿ ಪ್ರಯೂನ್ ಅದನ್ನು ನೋಡಿ "ಥಾಯ್" ಎಂದು ಬರೆದಿದ್ದರು. ಹಿಂದಿನ ವಾರ ಪಯಾಕ್ ಅವರ ಬಳಿಗೆ ಬಂದು, ಪೌರತ್ವದ ಅರ್ಜಿಗೆ ಲಗತ್ತಿಸಲು ತನ್ನ ಗೆಲುವುಗಳ ದಾಖಲೆ ಬೇಕೆಂದು ಕೇಳಿದ್ದ. ಥಾಯ್ ಪ್ರಜೆಗೆ ಪೌರತ್ವದ ಅರ್ಜಿ ಏಕೆ? ತಪ್ಪು ತಿಳಿದದ್ದು ಆಗ.

ಶುಕ್ರವಾರ ಹೊಸ ಪುಸ್ತಕ ಅಚ್ಚಿಗೆ ಹೋಗಬೇಕಿತ್ತು. "ಥಾಯ್" ಎಂದೇ ಉಳಿದರೆ, ಇಲ್ಲದ ಪೌರತ್ವವನ್ನು ಹೇಳಿಕೊಂಡವನೆಂದು ಅಧಿಕಾರಿ ಅರ್ಜಿಯನ್ನೇ ತಳ್ಳಿಹಾಕಬಹುದು. "ಮ್ಯಾನ್ಮಾರ್" ಎಂದು ಬರೆದರೆ, ಇಲ್ಲಿಯೇ ಹುಟ್ಟಿದೆನೆಂಬ ಅವನ ಮಾತಿಗೆ ಅಚ್ಚಾದ ಪುಸ್ತಕವೇ ಎದುರು ಸಾಕ್ಷಿ. ಏನು ತಿದ್ದಿದರೂ ಪಟ್ಟ ಹೋಗುತ್ತದೆ, ಏಕೆಂದರೆ ಅದು ಥಾಯ್ ಪ್ರಜೆಗಳಿಗೆ ಮಾತ್ರ.

ಬುಧವಾರ ಸಂಜೆ ಪ್ರಯೂನ್ ನನ್ನನ್ನೂ ಗರಡಿಗೆ ಕರೆದೊಯ್ದರು. ಇನ್‌ಥಾ ಚೀಲಕ್ಕೆ ಮರಳು ತುಂಬುತ್ತಿದ್ದ. ಎಲ್ಲವನ್ನೂ ಕೇಳಿಸಿಕೊಂಡು, ತಲೆಯೆತ್ತದೆ ಹೇಳಿದ:

"ಅಣ್ಣ, ಮೂರು ವರ್ಷ ಬಾಯ್ಮುಚ್ಚಿಕೊಂಡಿದ್ದ ಪುಸ್ತಕ, ಇನ್ನೊಂದು ವರ್ಷ ಹಾಗೇ ಇರ್ಲಿ ಬಿಡಿ. ಅದನ್ನ ಓದೋರಾದ್ರೂ ಯಾರು? ನೀವು, ಇಲ್ಲಾಂದ್ರೆ ಗೆದ್ದಲು."

"ಒಬ್ಬ ಅಧಿಕಾರಿ ಓದಿದ್ರೆ ಸಾಕಲ್ಲಪ್ಪ," ಎಂದರು ಪ್ರಯೂನ್.

ಸಂಘದ ಕಾರ್ಯದರ್ಶಿ ಅಂದು ಬೆಳಿಗ್ಗೆಯೇ ಫೋನಿನಲ್ಲಿ, ತಾಯಿಯ ದೇಶವನ್ನು ಹಾಕಿ ಮುಗಿಸಿ ಎಂದು ಹೇಳಿದ್ದರಂತೆ. ಹುಡುಗ ಆ ದೇಶವನ್ನು ಕಣ್ಣಿನಿಂದಲೂ ನೋಡಿಲ್ಲವೆಂದು ಪ್ರಯೂನ್ ವಾದಿಸಿ ಫೋನ್ ಇಟ್ಟಿದ್ದರು.

ಪಯಾಕ್ ಕೈಗೆ ಸುತ್ತಿದ್ದ ಪಟ್ಟಿಯನ್ನು ಬಿಚ್ಚುತ್ತ ಬಂದು ನೆಲದ ಮೇಲೆ ಕುಳಿತ. ಪ್ರಯೂನ್ ಅವರ ಬೆರಳುಗಳು ಲೇಖನಿಯ ಮುಚ್ಚಳವನ್ನು ತೆಗೆಯುವುದು, ಹಾಕುವುದು ಮಾಡುತ್ತಿದ್ದವು.

"ದೊಡ್ಡಪ್ಪ, ಎರಡರಲ್ಲಿ ಯಾವುದು ಬರೆದ್ರೂ ನಾನೇ ಸುಳ್ಳ ಆಗ್ತೀನಿ. ಪಟ್ಟ ಹೋದ್ರೆ ಹೋಗ್ಲಿ, ಹೊಡೆದಾಡಿ ಇನ್ನೊಂದು ಸಲ ತರಬಹುದು. ಗೆದ್ದ ಆಟಗಳನ್ನ ಮಾತ್ರ ಅಳಿಸಬೇಡಿ," ಎಂದ ಪಯಾಕ್.

ಇನ್‌ಥಾ ಚೀಲವನ್ನು ಅಲ್ಲಿಯೇ ಬಿಟ್ಟು ಎದ್ದು ಹೋದ.

ಶುಕ್ರವಾರ ಅಚ್ಚುಕೂಟದವರು ಬಾವುಟ ಯಾವುದೆಂದು ಎರಡು ಸಲ ಕೇಳಿದರು. ಪ್ರಯೂನ್ ದೇಶದ ಜಾಗವನ್ನು ಖಾಲಿ ಬಿಡಿಸಿ, ಪುಟದ ಅಡಿಯಲ್ಲಿ ಹೀಗೆ ಸೇರಿಸಿದರು: "ಇನ್ನೂ ಇತ್ಯರ್ಥವಾಗಿಲ್ಲ. ಹಿಂದಿನ ಮೂರು ಪುಸ್ತಕಗಳಲ್ಲಿ ಥಾಯ್ ಎಂದಿದ್ದುದು ದಾಖಲೆ ಬರೆದವನ ತಪ್ಪು, ಆಟಗಾರನದಲ್ಲ." ಕೆಳಗೆ ತಮ್ಮ ಪೂರ್ಣ ಹೆಸರು.

ತಿಂಗಳೊಳಗೆ ಸಂಘ ಪಟ್ಟವನ್ನು ಹಿಂತೆಗೆದುಕೊಂಡಿತು. ದಾಖಲೆ ಪುಸ್ತಕವನ್ನೂ ಬೇರೊಬ್ಬರಿಗೆ ಕೊಟ್ಟಿತು. ಇಪ್ಪತ್ತಮೂರು ಗೆಲುವುಗಳು ಮಾತ್ರ ಅಚ್ಚಿನಲ್ಲಿ ಹಾಗೆಯೇ ಉಳಿದವು. ಜಿಲ್ಲಾ ಕಚೇರಿಯ ಅಧಿಕಾರಿ ಆ ಅಡಿಟಿಪ್ಪಣಿಯನ್ನು ಎರಡು ಸಲ ಓದಿದರು. ಅರ್ಜಿಯನ್ನು ತಳ್ಳಿಹಾಕಲಿಲ್ಲ. ಹುಟ್ಟಿದ್ದನ್ನು ಕಣ್ಣಾರೆ ಕಂಡ ಇಬ್ಬರನ್ನು ಕರೆತನ್ನಿ ಎಂದರು. ತಾಯಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆ ತೋಟದ ಕೂಲಿಗಳು ಚದುರಿ ಹೋಗಿದ್ದರು.

ಪ್ರಯೂನ್ ಈಗ ಅಂಚೆ ಕೆಲಸದಿಂದಲೂ ನಿವೃತ್ತರು. ಆ ತಾಯಿಯ ಫೋಟೋವನ್ನು ಜೇಬಿನಲ್ಲಿಟ್ಟುಕೊಂಡು, ಬುತ್ತಿಗೆ ಅಂಟಕ್ಕಿಯ ಅನ್ನ ಕಟ್ಟಿಕೊಂಡು, ಹಳೆಯ ಮೋಟಾರ್ ಸೈಕಲ್ಲಿನಲ್ಲಿ ತೋಟದಿಂದ ತೋಟಕ್ಕೆ ಅಲೆಯುತ್ತಾರೆ. ಹೆರಿಗೆಯ ದಿನ ನೀರು ಕಾಯಿಸಿಕೊಟ್ಟ ಒಬ್ಬ ಮುದುಕಿ ಸಿಕ್ಕಿದ್ದಾಳೆ. ಹೆರಿಗೆ ಮಾಡಿಸಿದ ಸೂಲಗಿತ್ತಿ ಬದುಕಿದ್ದಾಳೆಂದು ಆಕೆಯೇ ಹೇಳಿದಳು, ಎಲ್ಲಿ ಎಂಬುದು ಆಕೆಗೂ ತಿಳಿಯದು. ವಿಚಾರಣೆ ಬರುವ ಹತ್ತನೆಯ ತಾರೀಖು. ನಿನ್ನೆ ಬೆಳಿಗ್ಗೆ ಪ್ರಯೂನ್ ಚಾಯ್‌ಪ್ರಾಕಾನ್ ಕಡೆಯ ತೋಟಗಳಿಗೆ ಹೊರಟವರು ಇನ್ನೂ ಹಿಂತಿರುಗಿಲ್ಲ.