ಇಲ್ಲದೂರಿನ ಚಪ್ಪಲಿಗಳ್ಳ

ನನ್ನ ಸೋದರಮಾವ ಬೀಗ ರಿಪೇರಿ ಮಾಡುವವನು. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ಎದ್ದು ನಿಂತರೆ ತಲೆ ಬಡಿಯುವಂಥ ಜಾಗದಲ್ಲಿ ಅವನ ಅಂಗಡಿ. ಅದೇ ಮೆಟ್ಟಿಲು ಹತ್ತಿದರೆ ಮೊದಲ ಮಹಡಿಯಲ್ಲಿ ಅವನ ಮನೆ. ಸುತ್ತಲಿನ ಬೀದಿಗಳ ಅರ್ಧಕ್ಕರ್ಧ ಬಾಗಿಲುಗಳ ಬೀಗದಕೈ ಅವನ ಮೆಷಿನ್ನಿನಲ್ಲೇ ಹುಟ್ಟಿದ್ದು. ಮನಸ್ಸು ಮಾಡಿದರೆ ಯಾರ ಮನೆಗೆ ಬೇಕಾದರೂ ನುಗ್ಗಬಹುದು. ಆದರೆ ಇವನು ಕೈ ಹಿಡಿದು ಕರೆದರೂ ಹೊಸ್ತಿಲು ದಾಟಲು ಹಿಂದೆಮುಂದೆ ನೋಡುವ ಪ್ರಾಣಿ. ಅಂಥವನು ಕೆಲಸದ ನಡುವೆ ಬಿಡುವು ಸಿಕ್ಕಿತೆಂದರೆ ಕಳ್ಳನಾಗುತ್ತಾನೆ. ಕದಿಯುವುದು ಚಪ್ಪಲಿ ಮಾತ್ರ. ಅವನನ್ನು ಈ ದಾರಿಗೆ ಎಳೆದವಳು ನಾನೇ, ಮತ್ತು ಅದಕ್ಕೆ ನನಗೆ ಎಳ್ಳಷ್ಟೂ ನಾಚಿಕೆಯಿಲ್ಲ.

ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಫೋನಿನಲ್ಲಿ ಒಂದು ಊರು ನಡೆಸುತ್ತೇನೆ. ಅದರ ಹೆಸರು ಇಲ್ಲದೂರು. ಅದೊಂದು ಬರೆಯುವವರ ಗುಂಪು. ಸೇರಿದವರೆಲ್ಲ ಒಂದೊಂದು ವೇಷ ಹಾಕಿಕೊಳ್ಳಬೇಕು: ಒಬ್ಬ ಬೇಕರಿಯವನು, ಒಬ್ಬಳು ಮಹಾರಾಣಿ, ಇನ್ನೊಬ್ಬ ಹಲ್ಲಿಲ್ಲದ ಹುಲಿ. ಒಬ್ಬರು ನಾಲ್ಕು ಸಾಲು ಬರೆದರೆ ಅದಕ್ಕೆ ಇನ್ನೊಬ್ಬರು ನಾಲ್ಕು ಸಾಲು ಜೋಡಿಸುತ್ತಾರೆ, ಕಥೆ ಮುಂದೆ ಹೋಗುತ್ತದೆ. ನಿಯಮ ಎರಡೇ. ನಿಜದಲ್ಲಿ ಯಾರು ಯಾರು ಎಂದು ಕೇಳುವಂತಿಲ್ಲ, ಹೇಳುವಂತಿಲ್ಲ. ಮತ್ತು ಇನ್ನೊಬ್ಬರ ಪಾತ್ರದ ಬಾಯಿಗೆ ಮಾತು ತುರುಕುವಂತಿಲ್ಲ. ಅವರ ಮಾತನ್ನು ಅವರೇ ಬರೆಯುವವರೆಗೆ ತೆಪ್ಪಗೆ ಕಾಯಬೇಕು.

ಕಷ್ಟವೆಲ್ಲ ಹೊಸಬರದ್ದು. ಸೇರುವಾಗ ಮಹಾ ಉತ್ಸಾಹ. ಸೇರಿದ ಮೇಲೆ ಬಾಯಿಗೆ ಬೀಗ. ಎಲ್ಲರೂ ಬರೆದದ್ದನ್ನು ಕದ್ದು ಓದುತ್ತಾರೆ, ತಾವು ಮಾತ್ರ ಒಂದಕ್ಷರ ಬರೆಯುವುದಿಲ್ಲ. ತಪ್ಪಾದರೆ ನಗುತ್ತಾರೇನೋ ಎಂಬ ಹೆದರಿಕೆ. ಅವರಿಗೆಂದು ನಾನು ಒಂದು ಉದ್ದನೆಯ ಸ್ವಾಗತ ಭಾಷಣ ಬರೆದಿಟ್ಟಿದ್ದೆ. "ಸಂಕೋಚ ಬಿಡಿ, ನಿಮ್ಮ ಕಲ್ಪನೆಗೆ ರೆಕ್ಕೆ ಕೊಡಿ" ಎಂದೆಲ್ಲ ಅದರಲ್ಲಿತ್ತು. ಅದನ್ನು ಓದಿ ಇಬ್ಬರು ಅವತ್ತೇ ಗುಂಪು ಬಿಟ್ಟು ಹೋದರು.

ಆಗ ತಲೆ ಎಣಿಕೆಗಾದರೂ ಇರಲಿ ಎಂದು ಮಾವನನ್ನು ಸೇರಿಸಿದೆ.

"ನಂಗೆ ಬರೆಯೋಕೆ ಬರಲ್ಲ ಕಣೇ ಗುಬ್ಬಿ. ಬಿಲ್ ಬಿಟ್ರೆ ಬೇರೇನೂ ಬರೆದೋನಲ್ಲ," ಎಂದ. ನನ್ನನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಗುಬ್ಬಿ ಎಂದೇ.

"ಏನಾಗ್ಬೇಕು ಅಂತ ಆಸೆ ಇದ್ಯೋ ಅದಾಗು ಮಾವ, ಬರಹ ತಾನಾಗೇ ಬರುತ್ತೆ."

ಅವನು ಕೀಲಿಯೊಂದನ್ನು ಅರದಿಂದ ಉಜ್ಜುತ್ತಾ ಬಹಳ ಹೊತ್ತು ಯೋಚಿಸಿದ. "ಹಂಗಾದ್ರೆ ಕಳ್ಳ. ಇಷ್ಟು ವರ್ಷ ಒಳ್ಳೆಯವನಾಗಿದ್ದು ಬೆನ್ನು ನೋವು ಬಂದ್ಬಿಟ್ಟಿದೆ."

ನನ್ನ ಸ್ವಾಗತ ಭಾಷಣವನ್ನೂ ಓದಿದ. "ಇದೇನೇ ಇದು, ಆಪರೇಷನ್‌ಗೆ ಮುಂಚೆ ಸಹಿ ಹಾಕಿಸ್ಕೊಳ್ತಾರಲ್ಲ, ಹಂಗಿದೆ. ತೆಗೆದುಹಾಕು," ಎಂದ.

ಆ ಹೊತ್ತಿಗೆ ಗುಂಪಿನಲ್ಲಿ ಮೌನಸ್ವಾಮಿ ಎಂಬ ಹೊಸ ಸದಸ್ಯರಿದ್ದರು. ಹೆಸರಿಗೆ ತಕ್ಕಂತೆ ತಿಂಗಳಾದರೂ ತುಟಿ ಬಿಚ್ಚಿರಲಿಲ್ಲ. ಮರುದಿನ ಮಾವ ತನ್ನ ಜೀವನದ ಮೊದಲ ಬರಹ ಬರೆದ: "ಸ್ವಾಮಿಗಳು ಛತ್ರದ ಒಳಗೆ ಹೋದರು. ಅವರ ಚಪ್ಪಲಿ ಹೊರಗಿತ್ತು. ಈಗ ಇಲ್ಲ."

ಒಂದು ಲೋಟ ಚಹಾ ಆರುವಷ್ಟರಲ್ಲಿ ಉತ್ತರ ಬಂತು. "ಯಾರ್ರೀ ಅದು? ಹೊಸ ಚಪ್ಪಲಿ ಕಣ್ರೀ!"

ಮಾವ ಸುಮ್ಮನೆ ಕೊಟ್ಟುಬಿಡಲಿಲ್ಲ. ಚಪ್ಪಲಿಯನ್ನು ಬೇಕರಿಯವನ ಹತ್ತಿರ ಅಡವಿಟ್ಟಿದ್ದೇನೆ ಎಂದು ಬರೆದ. ಸ್ವಾಮಿಗಳು ಬೇಕರಿಗೆ ಹೋಗಿ ಜಗಳವಾಡಿದರು. ಬೇಕರಿಯವನು, ಅದನ್ನು ಹುಲಿ ಎತ್ತಿಕೊಂಡು ಹೋಯಿತು ಎಂದ. ಸ್ವಾಮಿಗಳು ಹುಲಿಯ ಗುಹೆಗೂ ಹೋದರು. ಹೀಗೆ ಚಪ್ಪಲಿ ಕೈಗೆ ಸಿಗುವ ಹೊತ್ತಿಗೆ ಅವರಿಗೆ ಊರೆಲ್ಲ ಪರಿಚಯವಾಗಿತ್ತು. ಈಗ ಬೇಡವೆಂದರೂ ಬರೆಯುತ್ತಾರೆ.

"ಏನಾದ್ರೂ ಬರೀರಿ ಅಂದ್ರೆ ಯಾರೂ ಬರೆಯಲ್ಲ," ಎಂದು ಮಾವ ನನಗೆ ಹೇಳಿಕೊಟ್ಟ. "ನಿಂದೇನೋ ಹೋಯ್ತು ಅಂದ್ರೆ ಮೂಕನೂ ಕೂಗ್ತಾನೆ."

ಅಂದಿನಿಂದ ಇಲ್ಲದೂರಿಗೆ ಯಾರು ಹೊಸದಾಗಿ ಬಂದರೂ ಮೊದಲು ಅವರ ಚಪ್ಪಲಿ ಹೋಗುತ್ತದೆ. ಹೋಗದಿದ್ದರೆ ಹೊಸಬರಿಗೇ ಬೇಜಾರು.

ಇಷ್ಟಕ್ಕೇ ಮುಗಿದಿದ್ದರೆ ಸುಖವಾಗಿರುತ್ತಿತ್ತು. ಒಂದು ಮಧ್ಯಾಹ್ನ ಅತ್ತೆ, ಎಂದರೆ ಮಾವನ ಹೆಂಡತಿ, ನನ್ನ ಕನ್ನಡಕದ ಅಂಗಡಿಗೆ ಬಂದು ಕೂತಳು. ಅತ್ತೆ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೆಲಸ ಮಾಡುವವಳು. ಯಾವ ಬಸ್ಸು ಎಲ್ಲಿಗೆ, ಎಲ್ಲಿ ಇಳಿಯಬೇಕು ಎಂದು ದಿನವಿಡೀ ಗುರುತಿಲ್ಲದವರಿಗೆಲ್ಲ ದಾರಿ ಹೇಳುತ್ತಾಳೆ. ಅವಳ ಮುಖ ನೋಡಿದರೆ ಯಾವುದೋ ಬಸ್ಸು ಹಳ್ಳಕ್ಕೆ ಬಿದ್ದ ಹಾಗಿತ್ತು.

"ನಿಮ್ಮ ಮಾವನಿಗೆ ಯಾರೋ ಇದಾಳೆ," ಎಂದಳು.

ನಾನು ನಗು ತಡೆಯಲು ಸ್ವಚ್ಛವಾಗಿದ್ದ ಕನ್ನಡಕವನ್ನೇ ಮತ್ತೆ ಒರೆಸತೊಡಗಿದೆ. "ಯಾರತ್ತೆ?"

"ಮಹಾರಾಣಿ ಅಂತೆ. ಅವರ ಫೋನಲ್ಲಿ ನೋಡ್ದೆ, ನೀನು ನಡೆಸ್ತೀಯಲ್ಲ, ಆ ಇಲ್ಲದೂರಲ್ಲಿ. 'ಮಹಾರಾಣಿಯವರ ಪಾದದ ಧೂಳು ನಾನು' ಅಂತ ಬರೆದಿದಾರೆ. ಬರೆದು ನಗ್ತಾ ಕೂತಿದ್ರು."

ಮಹಾರಾಣಿ ಎಂದರೆ ಅಂಚೆ ಕಚೇರಿಯಿಂದ ನಿವೃತ್ತರಾದ, ಪೊದೆ ಮೀಸೆಯ ಒಬ್ಬ ಹಿರಿಯರು. ಅವರ ದಪ್ಪ ಗಾಜಿನ ಕನ್ನಡಕ ಮಾಡಿಕೊಟ್ಟವಳೇ ನಾನು. ಹೇಳಿಬಿಡಲು ನಾಲಿಗೆ ತುರಿಸಿತು. ಆದರೆ ನಿಯಮ ಮಾಡಿದವಳೂ ನಾನೇ.

"ಇದ್ರೆ ಇರ್ಲಿ ಬಿಡು," ಎಂದಳು ಅತ್ತೆ. ದನಿ ಒಮ್ಮೆಲೇ ಇಳಿಯಿತು. "ನಂಗೆ ಅದಲ್ಲ ಸಂಕಟ. ಮನೇಲಿ ನನ್ನ ಹತ್ರ ಆ ಮನುಷ್ಯ ಆಡೋ ಮಾತು ಏನ್ ಗೊತ್ತಾ? 'ಹೂಂ.' 'ಊಟಕ್ಕಿಡು.' ಯಾರಾದ್ರೂ ನಾನು ಹೇಗಿದೀನಿ ಅಂತ ಕೇಳಿದ್ರೂ ನಾನು ಬಾಯಿ ತೆಗೆಯೋಕೆ ಮುಂಚೆ ಅವರೇ 'ಅವಳಿಗೇನು, ಚೆನ್ನಾಗಿದಾಳೆ' ಅಂದ್ಬಿಡ್ತಾರೆ. ಅಂಥವರು ಅಲ್ಲಿ ಪುಟಗಟ್ಟಲೆ ಬರೀತಾರೆ. ಅಂದ್ರೆ ಮಾತು ಇದೆ ತಾನೇ? ನನಗೆ ಮಾತ್ರ ಇಲ್ಲ."

ಆಗ ನನಗೆ ನಗು ನಿಂತಿತು. ಒರೆಸುತ್ತಿದ್ದ ಕನ್ನಡಕ ಕೆಳಗಿಟ್ಟೆ.

"ಶನಿವಾರ ತಂಗಿ ಮನೆಗೆ ಹೋಗ್ತಿದೀನಿ. ರಜ ಹಾಕಿದೀನಿ. ಹೇಳಿದ್ರೆ ಅದಕ್ಕೂ 'ಹೂಂ' ಅಂದ್ರು. ಯಾವಾಗ ಬರ್ತೀಯ ಅಂತಾನೂ ಕೇಳ್ಲಿಲ್ಲ. ನಾನು ವಾಪಸ್ ಬರೋದು ಅನುಮಾನಾನೇ. ಅದಕ್ಕೆ ಮುಂಚೆ ಅವರು ಅಲ್ಲಿ ಏನ್ ಬರೀತಾರೆ ನೋಡ್ಬೇಕು. ನನ್ನನ್ನೂ ಸೇರ್ಸು. ಹೇಳ್ಬೇಡ."

"ನಿಯಮಾನೇ ಅದು, ಹೇಳೋ ಹಾಗಿಲ್ಲ," ಎಂದು ನಾನು ಗಂಭೀರವಾಗಿ ಹೇಳಿದೆ. "ಏನಾಗಿ ಸೇರ್ತೀಯ?"

"ಏನೂ ಇಲ್ಲ. ದಾರೀಲಿ ಹೋಗೋಳು ಅಂತ ಹಾಕು."

ಹೀಗೆ ಇಲ್ಲದೂರಿಗೆ ದಾರಿಹೋಕಳು ಬಂದಳು.

ಹೊಸ ಸದಸ್ಯೆ ಎಂದು ಮಾವನಿಗೆ ಹಿಗ್ಗೋ ಹಿಗ್ಗು. ಅವತ್ತೇ ಚಪ್ಪಲಿ ಕದ್ದ. ದಾರಿಹೋಕಳು ತುಟಿ ಪಿಟಕ್ಕೆನ್ನಲಿಲ್ಲ. ಮರುದಿನ ಛತ್ರಿ ಕದ್ದ. ಊಹೂಂ. ಅದರ ಮರುದಿನ ಪಶ್ಚಾತ್ತಾಪವಾಯಿತೆಂದು ಒಂದು ಕಾಲಿನ ಚಪ್ಪಲಿ ಮಾತ್ರ ವಾಪಸು ಇಟ್ಟ. ಅದಕ್ಕೂ ಉತ್ತರವಿಲ್ಲ. ಮನೆಯಲ್ಲಿ ಅತ್ತೆ ಅದನ್ನೆಲ್ಲ ತರಕಾರಿ ಹೆಚ್ಚುತ್ತಾ ಓದುತ್ತಿದ್ದಳು. ಮಾವ ಅವಳ ಎದುರಿಗೇ ಕೂತು, ಈ ಹೆಂಗಸನ್ನು ಮಾತಾಡಿಸುವುದು ಹೇಗೆಂದು ತಲೆ ಕೆರೆದುಕೊಳ್ಳುತ್ತಿದ್ದ. ಇಬ್ಬರ ಕಡೆಯ ಸುದ್ದಿಯೂ ನನಗೇ ಬರುತ್ತಿತ್ತು. ಅಷ್ಟು ಮಜಾ ನನಗೆ ಯಾವ ಸಿನಿಮಾದಲ್ಲೂ ಸಿಕ್ಕಿಲ್ಲ.

"ಬಹಳ ಗಟ್ಟಿ ಇದಾಳೆ ಕಣೇ ಇವಳು," ಎಂದ ಮಾವ, ಗುರುವಾರ ಸಂಜೆ ನಾನು ಅಂಗಡಿಗೆ ಹೋದಾಗ.

"ಹೆಂಗಸರ ಮನಸ್ಸು ನಿಂಗೆ ಗೊತ್ತಾಗಲ್ಲ ಮಾವ," ಎಂದೆ.

"ಇರು, ಇದನ್ನ ನೋಡು." ತುಟಿ ಕಚ್ಚಿಕೊಂಡು ಎರಡು ಬೆರಳಲ್ಲಿ ಟೈಪ್ ಮಾಡಿದ: "ಕಳ್ಳನು ಉಳಿದ ಚಪ್ಪಲಿಯನ್ನು ತಿರುಗಿಸಿ ನೋಡಿದನು. ಅಟ್ಟೆ ಸವೆದಿದೆ. ಪಾಪ, ಈ ದಾರಿಹೋಕಳ ಗಂಡ ಎಂಥ ಜಿಪುಣನೋ. ಹೆಂಡತಿಗೆ ಒಂದು ಜೊತೆ ಹೊಸ ಚಪ್ಪಲಿ ಕೊಡಿಸಲಾರದವನು ಗಂಡನೇ?"

ನಾನು ಕೂತ ಸ್ಟೂಲಿನಿಂದ ಬೀಳುವುದೊಂದು ಬಾಕಿ.

ಬಸ್ ನಿಲ್ದಾಣದಲ್ಲಿ ಆಗ ಅತ್ತೆಯ ಕಿಟಕಿಯ ಮುಂದೆ ದೊಡ್ಡ ಸಾಲು ಇತ್ತಂತೆ. ಆ ಸಾಲನ್ನು ಹಾಗೆಯೇ ನಿಲ್ಲಿಸಿ ಅವಳು ಬರೆದಳಂತೆ. ನಮ್ಮಿಬ್ಬರ ಫೋನುಗಳೂ ಒಟ್ಟಿಗೆ ಟಿಣ್ ಎಂದವು.

"ಏ ಕಳ್ಳಾ, ಚಪ್ಪಲಿ ಬೇಕಾದ್ರೆ ಇಟ್ಕೋ, ನನ್ನ ಗಂಡನ ಸುದ್ದಿಗೆ ಬಂದ್ರೆ ಹುಷಾರ್. ಅವರು ಜಿಪುಣರಲ್ಲ. ಎಡಗಾಲಿಂದು ತಿರುಗಿಸಿ ನೋಡು, ಪಟ್ಟೀಲಿ ನೀಲಿ ದಾರದ ಹೊಲಿಗೆ ಇದೆ. ಹೋದ ಮಳೇಲಿ ಕಿತ್ತುಹೋದಾಗ ಅವರೇ ಕೂತು ಹೊಲಿದಿದ್ದು. ಹೊಸದು ತಗೊಳ್ಳೋಕೆ ನಾನೂ ದುಡೀತೀನಿ. ತಗೊಂಡಿಲ್ಲ. ಯಾಕಂದ್ರೆ ಆ ಮನುಷ್ಯ ನನ್ನ ಹತ್ರ ಮಾತಾಡಿದ್ದು ಅಂತ ಏನಾದ್ರೂ ಇದ್ರೆ ಆ ಹೊಲಿಗೆ ಒಂದೇ. ಹೊಲಿದು ಬಾಗಿಲ ಹತ್ರ ಇಟ್ಟು ಹೋದ್ರು. 'ತಗೋ, ಸರಿ ಮಾಡಿದೀನಿ' ಅನ್ನೋಷ್ಟು ಮಾತೂ ಇರ್ಲಿಲ್ಲ ಅವರ ಹತ್ರ. ನಾನು ಈ ಊರಲ್ಲಿ ಇರೋಳಲ್ಲ. ಶನಿವಾರ ಹೊರಡ್ತೀನಿ, ಬರಿಗಾಲಲ್ಲಾದ್ರೂ ಸರಿ."

ಮೊದಲ ಬರಹಕ್ಕೇ ಊರು ಬೆರಗಾಯಿತು. ಬೇಕರಿಯವನು ಚಪ್ಪಾಳೆ ತಟ್ಟಿದ, ಹುಲಿ ಕಣ್ಣೊರೆಸಿಕೊಂಡಿತು. ಮಹಾರಾಣಿಯವರಂತೂ ದಾರಿಹೋಕಳಿಗೆ ಅರಮನೆಯಲ್ಲೇ ಉಳಿಯಲು ಅಪ್ಪಣೆ ಕೊಟ್ಟರು. ಕಳ್ಳ ಮಾತ್ರ ಏನೂ ಬರೆಯಲಿಲ್ಲ. ಮಾವ ಮೆಷಿನ್ ನಿಲ್ಲಿಸಿದ. ಓದಿದ್ದನ್ನೇ ಮತ್ತೆ ಓದಿದ. ಮೇಜಿನ ಮೂಲೆಯಲ್ಲಿ ನೀಲಿ ನೈಲಾನ್ ದಾರದ ಉಂಡೆ ಬಿದ್ದಿತ್ತು. ಬೀಗದಕೈ ಗೊಂಚಲು ಕಟ್ಟಲು ಅವನು ಬಳಸುವುದು ಅದನ್ನೇ. ಅದರ ಮೇಲೆ ಕಣ್ಣು ನೆಟ್ಟು ಕೂತ.

"ಯಾರೇ ಇದು?" ಎಂದ ಕೊನೆಗೆ.

"ನಿಯಮ ಮಾವ."

"ನಾನು ಹೊಲಿದಿದ್ದು ಅವಳು ನೋಡಿರ್ಲೇ ಇಲ್ಲ ಅಂದ್ಕೊಂಡಿದ್ದೆ ಕಣೇ." ಇಷ್ಟು ವರ್ಷದಲ್ಲಿ ಮಾವನ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು.

"ಹೋಗಿ ಮಾತಾಡು ಮಾವ."

"ಏನ್ ಮಾತಾಡ್ಲಿ?" ಎಂದು ನನ್ನನ್ನೇ ಕೇಳಿದ. ನಿಜಕ್ಕೂ ಗೊತ್ತಿಲ್ಲದವನ ಹಾಗೆ ಕೇಳಿದ.

ಶುಕ್ರವಾರವೂ ಅವನು ಮಾತಾಡಲಿಲ್ಲ. ಅತ್ತೆ ಬ್ಯಾಗಿಗೆ ಬಟ್ಟೆ ತುಂಬಿದಳು, ಅವನು ಜಿಪ್ಪು ಎಳೆದುಕೊಟ್ಟನಂತೆ. ಇಂಥ ಗಂಡಸರನ್ನು ಏನು ಮಾಡಬೇಕು ನೀವೇ ಹೇಳಿ.

ಶನಿವಾರ ಬೆಳಗ್ಗೆ ಅತ್ತೆಯನ್ನು ಬಸ್ಸು ಹತ್ತಿಸುವ ನೆಪದಲ್ಲಿ ನಾನು ಅವರ ಮನೆಗೆ ಹೋದೆ. ಅತ್ತೆ ಬ್ಯಾಗು ಹಿಡಿದು ಬಾಗಿಲಿಗೆ ಬಂದಳು. ಚಪ್ಪಲಿ ಇರಲಿಲ್ಲ. ಮಂಚದ ಕೆಳಗೆ, ಕಪಾಟಿನ ಹಿಂದೆ, ಪಕ್ಕದ ಮನೆಯ ಬಾಗಿಲಲ್ಲಿ, ಎಲ್ಲೂ ಇರಲಿಲ್ಲ. ಬರಿಗಾಲಲ್ಲೇ ದಡದಡ ಮೆಟ್ಟಿಲಿಳಿದಳು, ಹಿಂದೆ ನಾನು. ಮಾವ ತಲೆ ತಗ್ಗಿಸಿ ಬೀಗದಕೈ ಕೊರೆಯುತ್ತಿದ್ದ.

"ರೀ, ನನ್ನ ಚಪ್ಪಲಿ ನೋಡಿದ್ರಾ?"

ಮಾವ ತಲೆ ಎತ್ತಲಿಲ್ಲ. "ಕಳುವಾಗಿದ್ರೆ ಇಲ್ಲದೂರಲ್ಲಿ ದೂರು ಕೊಡ್ಬೇಕು. ಬರವಣಿಗೇಲಿ."

ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ಚಾವಣಿಯ ಜೇಡರ ಬಲೆಯನ್ನು ಬಹಳ ಆಸಕ್ತಿಯಿಂದ ನೋಡಿದೆ. "ನಾನು ಹೇಳಿಲ್ಲಪ್ಪ. ನಿನ್ನ ನೀಲಿ ದಾರ ಹೇಳ್ತು."

ಅವಳ ಮುಖ ಕೆಂಪಾಯಿತು. ಬೈಯುತ್ತಾಳೆ, ಬರಿಗಾಲಲ್ಲೇ ಹೊರಡುತ್ತಾಳೆ ಎಂದುಕೊಂಡೆ. ಅವಳು ಮೆಟ್ಟಿಲ ಮೇಲೆ ಕುಸಿದು ಕೂತು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಫೋನು ತೆಗೆದಳು. "ನನ್ನ ಚಪ್ಪಲಿ ಕೊಡು. ಬಸ್ಸಿಗೆ ಹೊತ್ತಾಯ್ತು," ಎಂದು ಬರೆದಳು.

ಮಾವ ಮೆಷಿನ್ ಆರಿಸಿದ. ಇಬ್ಬರ ನಡುವೆ ಇದ್ದದ್ದು ಒಂದು ಮಾರು ದೂರ. ಆದರೂ ಅವನು ಬರೆದೇ ಉತ್ತರ ಕೊಟ್ಟ, ಒಂದೊಂದೇ ಅಕ್ಷರ ಹುಡುಕುತ್ತಾ: "ಚಪ್ಪಲಿ ಕೊಟ್ಟರೆ ಅವಳು ಹೋಗಿಬಿಡುತ್ತಾಳೆ. ಕಳ್ಳನಿಗೆ ಎಲ್ಲರ ಮನೆ ಬಾಗಿಲು ತೆಗೆಯಲು ಬರುತ್ತದೆ. ತನ್ನ ಮನೆ ಬಾಗಿಲಲ್ಲಿ ನಿಂತು ಹೋಗಬೇಡ ಎನ್ನಲು ಬರಲಿಲ್ಲ. ಅದಕ್ಕೆ ಕದ್ದ."

ಅತ್ತೆ ಓದಿದಳು. ಫೋನನ್ನು ಬ್ಯಾಗಿನ ಮೇಲೆ ಕವುಚಿ ಇಟ್ಟಳು.

"ಇದನ್ನ ಬಾಯಲ್ಲಿ ಹೇಳಿ," ಎಂದಳು.

ಮಾವನೂ ಫೋನು ಕೆಳಗಿಟ್ಟ. ಬಾಯಿ ತೆರೆದ, ಮುಚ್ಚಿದ. ಹಿಂದಿನಿಂದ ಹೇಳಿಕೊಡಲು ನನ್ನ ಜೀವ ಒದ್ದಾಡಿತು. ಆದರೆ ಇನ್ನೊಬ್ಬರ ಬಾಯಿಗೆ ಮಾತು ತುರುಕುವಂತಿಲ್ಲ. ಅತ್ತೆ ಕಾದಳು, ನಾನೂ ಕಾದೆ.

"ಹೋಗ್ಬೇಡ," ಎಂದ ಮಾವ. ಮತ್ತೆ, "ಇಲ್ಲಾಂದ್ರೆ... ನಾನೂ ಬರ್ತೀನಿ. ದಾರಿಯಲ್ಲಿ ಮಾತಾಡೋಣ."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಅತ್ತಳೋ ನಕ್ಕಳೋ, ಎರಡೂ ಇತ್ತು. "ಮಂಜೂರಾದ ರಜ ಹಾಳು ಮಾಡಲ್ಲ ನಾನು. ಮುಂದಿನ ಬಸ್ಸಿಗೆ ಹೋಗೋಣ. ಮೊದ್ಲು ಚಪ್ಪಲಿ ಎಲ್ಲಿ ಹೇಳಿ."

"ಕನ್ನಡಕದ ಅಂಗಡಿಯವಳ ಹತ್ರ ಅಡವಿಟ್ಟಿದೀನಿ," ಎಂದ ಮಾವ.

ನಿಜವೇ. ಬೆಳಗಾಗುತ್ತಲೇ ನನ್ನ ಮನೆಗೆ ತಂದುಕೊಟ್ಟಿದ್ದ. ನನ್ನ ಕೈಚೀಲದಿಂದ ನಾನು ಅವನ್ನು ತೆಗೆಯುತ್ತಿದ್ದಂತೆ ಅತ್ತೆ ನನ್ನ ಕಿವಿ ಹಿಂಡಿದಳು, ಇನ್ನೂ ನೋಯುತ್ತಿದೆ. ಮಹಾರಾಣಿ ಯಾರೆಂದು ಅವಳು ಆಮೇಲೆ ಕೇಳಲೂ ಇಲ್ಲ.

ಇಬ್ಬರೂ ಹೊರಟರು. ಬೀದಿಯ ತಿರುವಿನಲ್ಲಿ ಯಾರೋ ಗಿರಾಕಿ ಅತ್ತೆಯನ್ನು ಹೇಗಿದ್ದೀರಿ ಎಂದು ಕೇಳಿದ್ದು ನನಗೆ ಕೇಳಿಸಿತು. ಮಾವ ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡು, ಅತ್ತೆಯ ಮುಖ ನೋಡುತ್ತಾ ನಿಂತ. ಅತ್ತೆ ಉತ್ತರ ಹೇಳತೊಡಗಿದಳು. ಅದು ಸುಲಭಕ್ಕೆ ಮುಗಿಯುವ ಹಾಗೆ ಕಾಣಲಿಲ್ಲ.

ಅವರು ಕಣ್ಮರೆಯಾದ ಮೇಲೆ ನೋಡುತ್ತೇನೆ, ಅಂಗಡಿಯ ಶಟರ್ ಅರ್ಧಕ್ಕೆ ಇಳಿದಿದೆ, ಬೀಗ ಇಲ್ಲ. ಬೀದಿಗೆಲ್ಲ ಬೀಗ ಮಾಡಿಕೊಡುವ ಮಹಾರಾಯ ತನ್ನ ಅಂಗಡಿಗೆ ಬೀಗ ಹಾಕುವುದನ್ನೇ ಮರೆತು ಹೆಂಡತಿಯ ಹಿಂದೆ ಹೋಗಿದ್ದ. ನಾನು ಸ್ಟೂಲು ಹಾಕಿಕೊಂಡು ಕಾವಲು ಕೂತೆ. ಅಷ್ಟರಲ್ಲಿ ಫೋನು ಟಿಣ್ ಎಂದಿತು: ಇಲ್ಲದೂರಿಗೆ ಯಾರೋ ಹೊಸಬರು ಗಂಟೆ ಬಾರಿಸುವವನ ವೇಷದಲ್ಲಿ ಬಂದು ಬಾಗಿಲಲ್ಲೇ ಸುಮ್ಮನೆ ನಿಂತಿದ್ದರು. ಕಳ್ಳ ಊರಲ್ಲಿಲ್ಲ. ನಾನು ಅತ್ತಿತ್ತ ನೋಡಿ ಅವರ ಚಪ್ಪಲಿ ಎತ್ತಿಕೊಂಡೆ.